ಮುಖ ತೋರಿಸುವ ಶಾಸ್ತ್ರ

ವಿಲಿಮೈನಾಳಿಗೆ ಪ್ರೊಫೆಸರ್ ಪದವಿ ಸಿಕ್ಕಿತೆಂಬ ಸುದ್ದಿ ಕಂದಾವು ದ್ವೀಪದ ತವರುಮನೆಗೆ ಮುಟ್ಟಿದಾಗ ಅವಳ ಅಣ್ಣ ಇನೋಕೆ ಹಂದಿಗೂಡಿನ ಬೇಲಿಗೆ ಒರಗಿ ಕೂತಿದ್ದನಂತೆ. ಕೇಳಿದವನೇ ಹಂದಿಯ ಕಡೆ ತಿರುಗಿ, "ಕೇಳಿಸ್ಕೊಂಡ್ಯಾ? ನಿನ್ನ ಆಯಸ್ಸು ಮುಗೀತು ಕಣೋ" ಎಂದನಂತೆ. ಊರೆಲ್ಲ ಬಿದ್ದು ಬಿದ್ದು ನಕ್ಕಿತು. ಏಕೆಂದರೆ ಅದು ಕೆಲೆರಾಳ ಹಂದಿ. ಕೆಲೆರಾ ಎಂದರೆ ವಿಲಿಮೈನಾಳ ಒಬ್ಬಳೇ ಮಗಳು. ಅವಳು ಹುಟ್ಟಿದಾಗಿನಿಂದ ಆ ಗೂಡಿನಲ್ಲಿ, ಅವಳು ಮೊದಲ ಸಲ ಬರುವ ದಿನದ ಊಟಕ್ಕೆಂದು, ಅವಳ ಹೆಸರಿನದೊಂದು ಹಂದಿ ಇದ್ದೇ ಇತ್ತು. ಒಂದು ಕೊಬ್ಬಿ ಮುದಿಯಾಗಿ ಯಾರದೋ ಮದುವೆಗೆ ಖರ್ಚಾದರೆ ಇನ್ನೊಂದು ಮರಿ ಬಂದು ಅದೇ ಹೆಸರು ಹೊತ್ತುಕೊಳ್ಳುತ್ತಿತ್ತು. ಕೆಲೆರಾ ಮಾತ್ರ ಬಂದಿರಲಿಲ್ಲ.

ಅವರಲ್ಲಿ ಮಗು ಹುಟ್ಟಿದರೆ ಅಪ್ಪನ ಕಡೆಯವರು ಅದನ್ನು ತಾಯಿಯ ತವರಿಗೆ ಕರೆದೊಯ್ದು ಮುಖ ತೋರಿಸಬೇಕು. ತಿಮಿಂಗಿಲದ ಹಲ್ಲು, ಅರೆದು ಕುಡಿಯುವ ಯಂಗೋನಾ ಬೇರಿನ ಕಟ್ಟು, ಸೀಮೆಎಣ್ಣೆ ಪೀಪಾಯಿ ಎಲ್ಲ ಹೊತ್ತು, ನೆಂಟರಿಷ್ಟರನ್ನೆಲ್ಲ ಕಟ್ಟಿಕೊಂಡು ಹೋಗಬೇಕು. ತವರಿನವರು ದಡದಿಂದ ಮನೆಬಾಗಿಲ ತನಕ ಚಾಪೆ ಹಾಸಿ, ಮಗುವನ್ನು ಅದರ ಮೇಲೆ ನಡೆಸಿಕೊಂಡು ಒಳಗೆ ಕರೆಯಬೇಕು. ಅದಾಗುವ ತನಕ ಮಗು ಆ ಊರಿನ ಮರಳಿನ ಮೇಲೆ ಕಾಲಿಡುವ ಹಾಗಿಲ್ಲ. ಆದ ಮೇಲೋ, ಸೋದರಮಾವನ ಮನೆಯಲ್ಲಿ ಅದು ಕೇಳಿದ್ದಕ್ಕೆ ಇಲ್ಲ ಅನ್ನುವವರೇ ಇಲ್ಲ. ತಡವಾದರೆ ಯಾರೂ ಆಕಾಶ ಕಳಚಿ ಬಿದ್ದ ಹಾಗೆ ಆಡುವುದಿಲ್ಲ. ಮೀಸೆ ಬಂದ ಮೇಲೆ ಮುಖ ತೋರಿಸಿಕೊಂಡ ಮಕ್ಕಳೂ ಉಂಟು. ತಡವಾದರೂ ನಡೆಯುತ್ತದೆ ಎಂಬ ಈ ಸಡಿಲಿಕೆಯೇ ವಿಲಿಮೈನಾಳನ್ನು ಹಾಳು ಮಾಡಿದ್ದು.

ಇನೋಕೆಯ ಹೆಂಡತಿ ಮಕರಿತಾ, ಕೆಲೆರಾ ಹುಟ್ಟಿದ ವರ್ಷವೇ ಚಾಪೆಗಳನ್ನು ನೇಯ್ದು, ಅಂಚಿಗೆ ಕೆಂಪು ಹಸಿರು ಉಣ್ಣೆಯ ಕುಚ್ಚು ಕಟ್ಟಿ, ಸುರುಳಿ ಮಾಡಿ ಅಟ್ಟಕ್ಕೆ ಏರಿಸಿದ್ದಳು. ಪ್ರತಿ ಬೇಸಿಗೆಯಲ್ಲೂ ಇಳಿಸಿ ಬಿಸಿಲಿಗೆ ಹಾಕುವುದು, ಹುಳು ತಿಂದ ಉಣ್ಣೆಯನ್ನು ಕಿತ್ತು ಹೊಸದು ಕಟ್ಟುವುದು, ಮತ್ತೆ ಮೇಲೇರಿಸುವುದು. ಇನೋಕೆಯದು ಇನ್ನೊಂದು ಹಟ. ತಂಗಿಯ ಮಗಳು ಚಾಪೆಯ ಮೇಲೆ ನಡೆದು ಬಂದೇ ಅವಳ ಮುಖ ತನ್ನ ಕಣ್ಣಿಗೆ ಬೀಳಬೇಕು. ಅವಳ ಒಂದು ಫೋಟೋವನ್ನೂ ಅವನು ನೋಡಿದವನಲ್ಲ. ಫೋನಿನ ಪರದೆಯ ಮೇಲೆ ಕೆಲೆರಾ ಕಾಣಿಸಿಕೊಂಡರೆ ಸಾಕು, ಫೋನನ್ನೇ ಬೋರಲು ಹಾಕಿ, "ಏ ಹುಡುಗಿ, ಕಳ್ಳದಾರೀಲಿ ಬರ್ತೀಯಾ? ಹೋಗು, ಸಮುದ್ರದ ಮೇಲೆ ಬಾ!" ಎಂದು ಕೂಗುತ್ತಿದ್ದ. ಕೆಲೆರಾ ಈ ಕಡೆ ಕುಪ್ಪಳಿಸಿ ನಗುತ್ತಿದ್ದಳು. ಹೀಗೆ ಮಾಮನ ದನಿ ಕೇಳಿಕೊಂಡೇ ಅವಳು ಬೆಳೆದು ಅಮ್ಮನಿಗಿಂತ ಎತ್ತರವಾದಳು.

ವಿಲಿಮೈನಾ ಮಾತ್ರ ಫೋನ್ ಹಿಡಿಯುವ ಹಾಗಿರಲಿಲ್ಲ. ಅಣ್ಣ ತಂಗಿ ಪ್ರಾಯಕ್ಕೆ ಬಂದ ಮೇಲೆ ಮುಖ ಕೊಟ್ಟು ಮಾತಾಡಬಾರದು. ಅದು ಜಗಳವಲ್ಲ, ಗೌರವ. ಮಾತೆಲ್ಲ ನಡುವಿನವರ ಮೂಲಕ. ಹಾಗಾಗಿ ಇನೋಕೆ ಮಾತಾಡುತ್ತಿದ್ದದ್ದು ಅವಳ ಗಂಡ ಅಪಿಸಾಯ್ ಜೊತೆ. ಅಪಿಸಾಯ್ ರಾಜಧಾನಿ ಸುವಾದಲ್ಲಿ ಶಾಲಾಮಾಸ್ತರ, ನಿಧಾನದ ಮನುಷ್ಯ. ಫೋನಿನ ದನಿ ದೊಡ್ಡದು ಮಾಡಿ ಮೇಜಿನ ಮೇಲಿಡುತ್ತಿದ್ದ. ವಿಲಿಮೈನಾ ಪಕ್ಕದಲ್ಲೇ ಕೂತು ಒಂದಕ್ಷರ ಬಿಡದೆ ಕೇಳುತ್ತಿದ್ದಳು. ಅವಳು ಕೇಳುತ್ತಿದ್ದಾಳೆಂದು ಆ ಕಡೆಯವನಿಗೂ ಗೊತ್ತು.

"ಏನ್ ಭಾವ, ಪ್ರೊಫೆಸರಮ್ಮನ ಗಂಡ ಆದ್ಯಲ್ಲ, ಇನ್ಮೇಲೆ ಆ ಘಟಿಕೋತ್ಸವದ ಟೋಪಿ ಹಾಕ್ಕೊಂಡೇ ಪಾತ್ರೆ ತೊಳೀತೀಯೋ ಹೇಗೆ?"

"ನಿನ್ನ ಹಾಗೆ ಹಂದಿ ಜೊತೆ ಹರಟೆ ಹೊಡ್ಕೊಂಡು ಕೂರಲ್ಲಪ್ಪ ನಾನು."

"ಹಂದಿಗಾದ್ರೆ ಮಾನ ಮರ್ಯಾದೆ ಇದೆ ಭಾವ, ಕರೆದ್ರೆ ಬರುತ್ತೆ. ಕೆಲೆರಾ ಅಮ್ಮಂಗೆ ಹೇಳು."

ವಿಲಿಮೈನಾ ನಗು ತಡೆಯಲಾರದೆ ಸೆರಗಿಲ್ಲದ ತನ್ನ ಅಂಗಿಯ ತೋಳಿನಿಂದಲೇ ಬಾಯಿ ಮುಚ್ಚಿಕೊಂಡು, "ಹೇಳು ಅವರಿಗೆ, ಈ ಜುಲೈ ರಜಕ್ಕೆ ಬಂದೇ ಬರ್ತೀವಿ ಅಂತ" ಎಂದಳು.

"ಬಂದೇ ಬರ್ತಾರಂತೆ, ಜುಲೈಗೆ."

"ಹ್ಞೂಂ. ಯಾವ ಶತಮಾನದ ಜುಲೈ ಅಂತ ಕೇಳು."

ಕೇಳಿದ್ದರಲ್ಲಿ ತಪ್ಪೇನಿತ್ತು? ಮಗು ಕೂಸಾಗಿದ್ದಾಗ ಅವಳು ಬ್ರಿಸ್ಬೇನಿನಲ್ಲಿ ಪಿಎಚ್‌.ಡಿ. ಮಾಡುತ್ತಿದ್ದಳು. ಮುಗಿಸಿ ಬರುತ್ತೇನೆ ಎಂದಳು. ಮುಗಿಸಿ ಬಂದರೆ ಸುವಾದ ವಿಶ್ವವಿದ್ಯಾಲಯದಲ್ಲಿ ಕಂಪ್ಯೂಟರ್ ವಿಜ್ಞಾನದ ಎಲ್ಲ ಪಾಠಗಳೂ ಅವಳ ತಲೆಗೇ ಬಿದ್ದವು. ಆಮೇಲೆ ಚಂಡಮಾರುತ ಬಂದು ಪ್ರಯೋಗಾಲಯದ ಮಾಡು ಹಾರಿಸಿಕೊಂಡು ಹೋಯಿತು. ಆಮೇಲೆ ಬಡ್ತಿ, ಬಡ್ತಿಗೆ ಪ್ರಬಂಧ, ಪ್ರಬಂಧಕ್ಕೆ ಪ್ರಯೋಗ. ಅವಳ ವಿಷಯವಾದರೂ ಎಂಥದು! ಫೋನಿನ ಅಲೆ ಸಿಗದ ದ್ವೀಪಗಳ ನಡುವೆ ಸಂದೇಶಗಳನ್ನು ಹಡಗುಗಳ ಕೈಯಲ್ಲಿ ಸಾಗಿಸುವ ವಿದ್ಯೆ. ಹಡಗಿನಲ್ಲೊಂದು ಪೆಟ್ಟಿಗೆ, ಬಂದರಿನಲ್ಲೊಂದು ಪೆಟ್ಟಿಗೆ. ಸಂದೇಶ ಹಡಗಿಗಾಗಿ ಕಾಯುತ್ತದೆ, ತಡವಾಗುತ್ತದೆ, ಆದರೆ ಕಳೆದುಹೋಗುವುದಿಲ್ಲ. ಹೊರದೇಶದ ವಿಮರ್ಶಕನೊಬ್ಬ, 'ಇಷ್ಟು ತಡವಾಗುವ ಜಾಲ ಜಗತ್ತಿನಲ್ಲಿ ನಿಜವಾಗಿ ಯಾರಿಗಾದರೂ ಬೇಕೆ?' ಎಂದು ಬರೆದು ಅವಳ ಮೊದಲ ಪ್ರಬಂಧವನ್ನು ತಳ್ಳಿಹಾಕಿದ್ದ. ಆ ಮಾತು ಓದಿದ ದಿನ ಕಂದಾವಿನ ಹಡಗು ಇನ್ನೂ ಬಂದರನ್ನೇ ಮುಟ್ಟಿರಲಿಲ್ಲ. ಪುಣ್ಯಾತ್ಮ! ಅವಳು ಸಿಟ್ಟಿನಿಂದ ಅತ್ತು, ಆಮೇಲೆ ಹಲ್ಲು ಕಚ್ಚಿ ಬರೆದು ಬರೆದು, ಆ ವಿಷಯದಲ್ಲಿ ಜಗತ್ತೇ ಕೇಳುವಂಥ ಹೆಸರು ಮಾಡಿದಳು. ಆ ಹಟ ಇಲ್ಲದಿದ್ದರೆ ಅವಳು ಪ್ರೊಫೆಸರ್ ಆಗುತ್ತಿರಲಿಲ್ಲ, ಅದನ್ನೂ ಹೇಳಬೇಕು.

ಅವರ ಕ್ಷೇತ್ರದಲ್ಲೊಂದು ರೂಢಿ ಇದೆ. ಸಮ್ಮೇಳನಕ್ಕೆ ಪ್ರಬಂಧ ಕಳಿಸಲು ಇಂಥ ತಾರೀಖು ಗಡುವು ಎಂದರೆ, ಭೂಮಿಯ ಮೇಲೆ ಎಲ್ಲೇ ಆಗಲಿ ಆ ತಾರೀಖು ಮುಗಿಯದೆ ಉಳಿದಿರುವ ತನಕ ಎಂದರ್ಥ. ಎಲ್ಲರಿಗಿಂತ ಮೊದಲು ಬೆಳಗಾಗುವ ಸುವಾದವರಿಗೆ ಇದು ದೇವರು ಕೊಟ್ಟ ವರ. ಗಡುವು ಗುರುವಾರ ಎಂದರೆ ಇವರಿಗೆ ಶುಕ್ರವಾರ ಪೂರ್ತಿ ಬಿಟ್ಟಿ. "ಭೂಮಿ ಮೇಲೆ ಎಲ್ಲೋ ಇನ್ನೂ ನಿನ್ನೆ ಇದೆ ಕಣ್ರೇ, ಯಾಕೆ ಗಾಬರಿ?" ಎಂದು ವಿಲಿಮೈನಾ ಹುಡುಗರಿಗೆ ಹೇಳುತ್ತಿದ್ದಳು. ಒಮ್ಮೆ ಒಬ್ಬ, "ಆ ಊರು ಎಲ್ಲಿದೆ ಮೇಡಂ?" ಎಂದು ಕೇಳಿದಾಗ ನಕ್ಷೆಯಲ್ಲಿ ತೋರಿಸಿದ್ದಳು. ಸಾಗರದ ನಡುವೆ ಎರಡು ಮರಳುದಿಬ್ಬ, ಅಷ್ಟೆ. "ಅಲ್ಲಿ ಯಾರಿದ್ದಾರೆ?" "ಯಾರೂ ಇಲ್ಲ. ಹಕ್ಕಿಗಳಿವೆ." ಎಲ್ಲರೂ ನಕ್ಕಿದ್ದರು. ಈ ಮಾತು ಅಪಿಸಾಯ್ ಬಾಯಿಂದ ಕಂದಾವಿಗೂ ಹೋಯಿತು. ಇನೋಕೆಗೆ ಹೊಸ ಆಯುಧ ಸಿಕ್ಕಿತು. "ಕೆಲೆರಾ ಅಮ್ಮಂಗೆ ಹೇಳು ಭಾವ, ಹಂದಿಗೆ ಮಾತ್ರ ದಿನಾ ಇವತ್ತೇ!"

ಈ ಜುಲೈ ಸುಳ್ಳಾಗುವ ಹಾಗೆ ಕಾಣಲಿಲ್ಲ. ಅಪಿಸಾಯ್ ತನ್ನ ರೇವಾ ಊರಿನ ನೆಂಟರನ್ನೆಲ್ಲ ಒಪ್ಪಿಸಿದ. ತಿಮಿಂಗಿಲದ ಹಲ್ಲು ಬಂತು. ಪೀಪಾಯಿಗಳು ವರಾಂಡದಲ್ಲಿ ಸಾಲಾಗಿ ನಿಂತವು. ಕೆಲೆರಾಗೆ ಉಡಿಸಲು ಅವಳ ಅಪ್ಪನ ಕಡೆಯ ಅಜ್ಜಿ ಮರದ ತೊಗಟೆಯಿಂದ ಮಾಡಿದ ಚಿತ್ತಾರದ ಬಟ್ಟೆ ತಂದಳು. ಮಂಗಳವಾರದ ಹಡಗು ಎಂದು ಗೊತ್ತಾಯಿತು. ಫೋನಿನಲ್ಲಿ ಇನೋಕೆಯ ದನಿ ಸ್ವಲ್ಪ ಸಣ್ಣಗಾಗಿತ್ತು. ಸಕ್ಕರೆ ಕಾಯಿಲೆಗೆ ಅವನ ಒಂದು ಪಾದ ಹಿಂದೆಯೇ ಹೋಗಿತ್ತು. ಈಗ ಮೂತ್ರಪಿಂಡಕ್ಕೂ ತಟ್ಟಿದೆ ಎನ್ನುವುದನ್ನು ಹೇಳಕೂಡದೆಂದು ಮಕರಿತಾಳ ಬಾಯಿಗೆ ಬೀಗ ಹಾಕಿದ್ದ.

ಹೊರಡುವ ಮುನ್ನಾದಿನ ಸೋಮವಾರ ಬೆಳಗ್ಗೆ ಶಾಯಲ್ ಓಡಿಬಂದಳು. ಲಂಬಾಸಾ ಕಡೆಯ ಹುಡುಗಿ, ವಿಲಿಮೈನಾಳ ಕೈಕೆಳಗೆ ಪಿಎಚ್‌.ಡಿ. ಮಾಡುವವಳು. ಆ ವಾರದ ಗಡುವಿಗೆ ಅವಳ ಪ್ರಬಂಧ ಹೋಗಬೇಕಿತ್ತು. ವಿದ್ಯಾರ್ಥಿವೇತನದ ಅವಧಿ ಮುಗಿಯುತ್ತ ಬಂದಿತ್ತು. ಈ ಸಲ ತಪ್ಪಿದರೆ ಊರಿಗೆ ಹೋಗಿ ಚಿಕ್ಕಪ್ಪನ ಅಂಗಡಿಯಲ್ಲಿ ಕೂರುವುದೇ ಗತಿ.

"ಮೇಡಂ, ಪಾಂಗೋ ಪಾಂಗೋ ಹಡಗಿನ ಸಂದೇಶಗಳು ಕಳಿಸೋಕೆ ಮುಂಚೇನೇ ತಲುಪ್ಬಿಟ್ಟಿವೆ."

"ಏನಂದೆ?"

"ಬುಧವಾರ ಇಲ್ಲಿಂದ ಹೊರಟು ಮಂಗಳವಾರ ಅಲ್ಲಿ ಮುಟ್ಟಿವೆ."

ವಿಲಿಮೈನಾ ಮೊದಲು ನಕ್ಕಳು. ಆಮೇಲೆ ಪರದೆಯ ಹತ್ತಿರ ಬಗ್ಗಿ ತಾರೀಖುಗಳನ್ನು ನೋಡಿದಳು. ಪಾಂಗೋ ಪಾಂಗೋ ಬಂದರು, ತಾರೀಖು ಬದಲಾಗುವ ದಿನರೇಖೆಯ ಆ ಕಡೆ, ಒಂದು ದಿನ ಹಿಂದೆ. ಪೆಟ್ಟಿಗೆಗಳು ಆಯಾ ಊರಿನ ತಾರೀಖನ್ನೇ ಬರೆದುಕೊಂಡಿದ್ದವು. ಆ ಒಂದು ದಿನವನ್ನು ಲೆಕ್ಕದಲ್ಲಿ ಸೇರಿಸಲು ಇಬ್ಬರೂ ಮರೆತಿದ್ದರು. ಸೇರಿಸಿ ನೋಡಿದರೆ ವರ್ಷದ ಅಂಕಿಗಳೆಲ್ಲ ತಲೆಕೆಳಗು. ದಿನರೇಖೆಯ ಪಕ್ಕದಲ್ಲೇ ಹುಟ್ಟಿ ಬೆಳೆದವರು ಮಾಡುವ ತಪ್ಪೇ ಇದು? ಅಥವಾ ಅವರೇ ಮಾಡುವ ತಪ್ಪೋ ಏನೋ. ಕಣ್ಣೆದುರಿಗೆ ಇರುವುದು ಕಾಣುವುದಿಲ್ಲ.

ಶಾಯಲ್ ಕಣ್ಣು ಒರೆಸಿಕೊಂಡು, "ನೀವು ಹೊರಡಿ ಮೇಡಂ. ನಾನು ಹೇಗೋ ನೋಡ್ಕೊತೀನಿ" ಎಂದಳು. ಅವಳು ಹೇಗೂ ನೋಡಿಕೊಳ್ಳಲಾರಳೆಂದು ಇಬ್ಬರಿಗೂ ಗೊತ್ತಿತ್ತು.

ಮನೆಯಲ್ಲಿ ಮೂಟೆ ಕಟ್ಟುತ್ತಿದ್ದ ಅಪಿಸಾಯ್ ವಿಷಯ ಕೇಳಿ ಹಗ್ಗವನ್ನು ಹಾಗೇ ಕೈಬಿಟ್ಟ.

"ಮುಂದಿನ ಮಂಗಳವಾರ ಅಪಿ. ಒಂದೇ ವಾರ. ಇಷ್ಟು ವರ್ಷ ಕಾದವರಿಗೆ ಒಂದು ವಾರ ಹೆಚ್ಚಾ?"

"ಇಷ್ಟು ವರ್ಷ ಕಾದವರು ಅಂತಾನೇ ಹೇಳ್ತಿರೋದು ವಿಲಿ. ನಾವು ಹೋಗಿರ್ತೀವಿ. ನೆಂಟರೆಲ್ಲ ಸೇರಿದಾರೆ, ಮುಖ ತೋರಿಸ್ಬೇಕಾದೋರು ನಮ್ಮ ಕಡೆಯೋರು ತಾನೆ? ನೀನು ಮುಂದಿನ ಹಡಗಿಗೆ ಬಾ."

ಅವಳಿಗೆ ರೇಗಿತು. "ನನ್ನ ಮಗಳ ಮುಖ ನಾನಿಲ್ದೆ ತೋರಿಸ್ತೀಯಾ? ನನ್ನ ತವರಲ್ಲಿ?"

ಅಪಿಸಾಯ್ ಬಿದ್ದ ಹಗ್ಗವನ್ನು ಎತ್ತಿ ಸುತ್ತತೊಡಗಿದ. ಕೆಲೆರಾ ಅಮ್ಮನ ಮುಖ, ಅಪ್ಪನ ಮುಖ ನೋಡಿ, "ಅಮ್ಮ ಇಲ್ದೆ ನಾನೂ ಹೋಗಲ್ಲ" ಎಂದಳು. ಅಲ್ಲಿಗೆ ತೀರ್ಮಾನವಾಯಿತು. ಮನೆಯ ಮೂರು ಜನರಲ್ಲಿ ಒಬ್ಬರಾದರೂ ಇನ್ನಷ್ಟು ಹಟಮಾರಿಯಾಗಿರಬಾರದಿತ್ತೆ ಎಂದು ಈಗ ಅನ್ನಿಸುತ್ತದೆ. ಈಗ ಅನ್ನಿಸಿ ಏನು ಬಂತು?

ಫೋನಿನಲ್ಲಿ ಹೇಳಬೇಕಾದ ಕರ್ಮ ಅಪಿಸಾಯ್‌ನದಾಯಿತು. ಆ ಕಡೆ ಇನೋಕೆ ಕೋಳಿಗಳನ್ನು ಗದರಿಸಿ ಓಡಿಸಿದ.

"ಒಂದು ವಾರ ತಾನೆ? ಬಿಡು ಭಾವ. ಚಾಪೆ ಎಲ್ಲಿಗೆ ಓಡೋಗುತ್ತೆ? ಬಿಸಿಲಿಗೆ ಹಾಕಿದ್ದೆ, ಮತ್ತೆ ಸುತ್ತಿಡೋಕೆ ಹೇಳ್ತೀನಿ." ನಗಲು ಹೋಗಿ ಕೆಮ್ಮಿದ. ಆಮೇಲೆ ಅವನ ದನಿ ಬೇರೆಯಾಯಿತು. ಯಾವತ್ತೂ ಹಾಗೆ ಕೇಳಿದವನಲ್ಲ. "ಭಾವ, ಮುಂದಿನ ವಾರ ಬಂದ್ಬಿಡಿ ಅಂತ ಹೇಳು. ಆಯ್ತಾ? ಬಂದ್ಬಿಡಿ ಅಂತ ಹೇಳು ಅವಳಿಗೆ."

ಪಕ್ಕದಲ್ಲೇ ಕೂತಿದ್ದ ವಿಲಿಮೈನಾ ಕೇಳಿಸಿಕೊಂಡಳು. 'ಖಂಡಿತ ಬರ್ತೀವಿ ಅಂತ ಹೇಳು' ಎನ್ನಬೇಕೆಂದು ಬಾಯಿ ತೆರೆದಳು. ಅಷ್ಟರಲ್ಲಿ ಫೋನು ಕಟ್ಟಾಯಿತು. ಮತ್ತೆ ಮಾಡಿದರೆ ಅಲೆ ಸಿಗಲಿಲ್ಲ. ಅವಳು ಪ್ರಯೋಗಾಲಯಕ್ಕೆ ಹೊರಟುಹೋದಳು.

ನಾಲ್ಕು ದಿನ ಗುರು ಶಿಷ್ಯೆ ಇಬ್ಬರೂ ಜೀವ ತೇದರು. ಅಂಕಿಗಳನ್ನು ಹೊಸದಾಗಿ ಕಟ್ಟಿದರು, ಅರ್ಧ ಪ್ರಬಂಧವನ್ನು ತಿರುಗಿ ಬರೆದರು. ಮಂಗಳವಾರ ಸಂಜೆ ಹಡಗಿನ ಕೂಗು ಬೆಟ್ಟದ ಮೇಲಿನ ಕಿಟಕಿಗೂ ಕೇಳಿಸಿತು. ವಿಲಿಮೈನಾ ತಲೆ ಎತ್ತಲಿಲ್ಲ. ಶುಕ್ರವಾರ ಮಧ್ಯಾಹ್ನ ಇನ್ನೇನು ಮುಗಿಯಿತು ಎನ್ನುವ ಹೊತ್ತಿಗೆ, ಕ್ಯಾಂಟೀನಿನಿಂದ ತಂದ ರೊಟ್ಟಿ ಪಾರ್ಸೆಲ್ ಬಿಚ್ಚಿ ಕೂತಿದ್ದಾಗ, ಶಾಯಲ್ "ಅಯ್ಯೋ ದೇವ್ರೇ" ಎಂದು ಎದ್ದು ನಿಂತಳು. ಸಮ್ಮೇಳನದವರಿಂದ ಮಿಂಚಂಚೆ. ಅನೇಕ ಲೇಖಕರ ಕೋರಿಕೆಯ ಮೇರೆಗೆ ಗಡುವನ್ನು ಒಂದು ವಾರ ಮುಂದೂಡಲಾಗಿದೆ.

ಕೋಣೆಯಲ್ಲಿದ್ದ ಹುಡುಗರು ಹೋ ಎಂದು ಕೂಗಿ ಚಪ್ಪಾಳೆ ತಟ್ಟಿದರು. ಆ ಮಂದಿಯಲ್ಲಿ ಇದು ಹೊಸದೇನಲ್ಲ. ಕೊನೆಯ ಗಳಿಗೆಯಲ್ಲಿ ಗಡುವು ಮುಂದಕ್ಕೆ ಹೋಗುವುದು ಹತ್ತಕ್ಕೆ ಐದು ಸಲ ನಡೆಯುವಂಥದೇ. ಹೋಗಬಹುದು ಎಂದು ನಂಬಿ ಕೂರಲು ಯಾರಿಗೂ ಧೈರ್ಯವಿರುವುದಿಲ್ಲ, ಅಷ್ಟೆ. ವಿಲಿಮೈನಾ ರೊಟ್ಟಿಯ ತುಂಡನ್ನು ಬಾಯಿಗೆ ಇಡುವುದನ್ನೂ ಮರೆತು ಪರದೆಯನ್ನೇ ನೋಡಿದಳು. "ಹಾಳಾಗ್ ಹೋಗ್ಲಿ ಇವರ ಗಡುವು" ಎಂದಳು. ಹುಡುಗರು ಅದನ್ನು ತಮಾಷೆ ಎಂದುಕೊಂಡರು.

ಭಾನುವಾರ ಬೆಳಗ್ಗೆ ಚರ್ಚಿಗೆ ಹೊರಡುವ ಹೊತ್ತಿಗೆ ಮಕರಿತಾಳ ಫೋನು ಬಂತು. ಅಪಿಸಾಯ್ ಎಂದಿನಂತೆ ದನಿ ದೊಡ್ಡದು ಮಾಡಿ ಮೇಜಿನ ಮೇಲಿಟ್ಟ. ಅಳು ಬಿಟ್ಟು ಬೇರೇನೂ ಕೇಳಿಸಲಿಲ್ಲ. ಬೇರೇನೂ ಬೇಕಾಗಿರಲಿಲ್ಲ.

ವಿಲಿಮೈನಾ ಅಳಲಿಲ್ಲ. ಚರ್ಚಿನ ಬಟ್ಟೆಯಲ್ಲೇ ಕುರ್ಚಿಯ ಮೇಲೆ ಕೂತುಬಿಟ್ಟಳು. ಬುದ್ಧಿ ತನ್ನ ಹಳೆಯ ಚಾಳಿಗೆ ಬಿದ್ದು ಲೆಕ್ಕ ಹಾಕುತ್ತಿತ್ತು. ಇಲ್ಲಿ ಭಾನುವಾರ. ಭೂಮಿಯ ಮೇಲೆ ಎಲ್ಲೋ ಇನ್ನೂ ಶನಿವಾರ. ಶನಿವಾರ ಅಣ್ಣ ಇದ್ದ. ಆಮೇಲೆ ಆ ಎರಡು ಮರಳುದಿಬ್ಬ ನೆನಪಾದವು. ಅಲ್ಲಿ ಯಾರೂ ಇಲ್ಲ, ಹಕ್ಕಿಗಳಿವೆ. ಆಗ ಅವಳ ಗಂಟಲಿನಿಂದ ಬಂದ ಸದ್ದಿಗೆ ಕೆಲೆರಾ ಹೆದರಿ ಅಪ್ಪನನ್ನು ಹಿಡಿದುಕೊಂಡಳು.

ಮಂಗಳವಾರದ ಹಡಗಿಗೆ ಎಲ್ಲರೂ ಹೊರಟರು. ಅದೇ ನೆಂಟರು, ಅದೇ ಪೀಪಾಯಿಗಳು, ಅದೇ ಯಂಗೋನಾ ಕಟ್ಟು, ಅದೇ ತಿಮಿಂಗಿಲದ ಹಲ್ಲು. ಮುಖ ತೋರಿಸಲು ಕೊಡುವುದೂ ಅದೇ, ಸಾವಿಗೆ ಕೊಡುವುದೂ ಅದೇ. ಕೆಲೆರಾ ಚಿತ್ತಾರದ ಬಟ್ಟೆ ಬಿಟ್ಟು ಕಪ್ಪು ಉಟ್ಟಿದ್ದಳು. ಹಡಗಿನ ಗೋಡೆಯ ಮೇಲೆ ವಿಲಿಮೈನಾಳ ಸಂದೇಶದ ಪೆಟ್ಟಿಗೆ ಹಸಿರು ದೀಪ ಮಿನುಗಿಸುತ್ತಿತ್ತು. ಅವಳು ಅದಕ್ಕೆ ಬೆನ್ನು ಹಾಕಿ ಕೂತಳು.

ಊರಿನ ಮುಂದೆ ಹಡಗಿನಿಂದ ಚಿಕ್ಕ ದೋಣಿಗೆ ಇಳಿದು ದಡದ ಹತ್ತಿರ ಬಂದರು. ನೀರು ಮೊಣಕಾಲಿನಷ್ಟಿತ್ತು. ಎಲ್ಲರೂ ಇಳಿದರು. ಕೆಲೆರಾ ಮಾತ್ರ ದೋಣಿಯ ಅಂಚು ಹಿಡಿದು ನಿಂತಳು.

"ಅಮ್ಮಾ, ನಾನು ಇಳೀಬಹುದಾ?"

ಯಾರಿಗೂ ಅದು ಹೊಳೆದಿರಲಿಲ್ಲ. ಮುಖ ತೋರಿಸದ ಹುಡುಗಿ ಮರಳಿನ ಮೇಲೆ ಕಾಲಿಡುವ ಹಾಗಿಲ್ಲ, ಆ ಮುಖ ನೋಡಬೇಕಾದವನು ಒಳಗೆ ಮಲಗಿದ್ದಾನೆ. ದಡದಲ್ಲಿ ನಿಂತಿದ್ದ ಹಿರಿಯರು ಗುಸುಗುಸು ಶುರು ಮಾಡಿದರು. ಸಾವಿನ ದಿನ ಶಾಸ್ತ್ರವೇ? ಎಲ್ಲಾದರೂ ಉಂಟೆ? ಹುಡುಗಿ ದೋಣಿಯಲ್ಲೇ ಇರಲಿ ಎಂದ ಒಬ್ಬ. ಅಷ್ಟರಲ್ಲಿ ಮಕರಿತಾ ಬಂದಳು. ತೋಳಿನ ತುಂಬ ಚಾಪೆಯ ಸುರುಳಿಗಳು, ಹಿಂದೆ ಇನ್ನಷ್ಟು ಹೊತ್ತ ಹೆಂಗಸರು. ಹೆಣಕ್ಕೆ ಸುತ್ತಿ ಮಣ್ಣಿಗೆ ಇಳಿಸಲೆಂದು ಮನೆಯಲ್ಲಿದ್ದ ಒಳ್ಳೆಯ ಚಾಪೆಗಳನ್ನೆಲ್ಲ ಅಟ್ಟದಿಂದ ಇಳಿಸಿದ್ದರು. ಒಳ್ಳೆಯವೆಂದರೆ ಅವೇ ಇದ್ದದ್ದು.

"ಯಾರೂ ಮಾತಾಡ್ಬೇಡಿ" ಎಂದಳು ಮಕರಿತಾ. ಅತ್ತು ಅತ್ತು ಅವಳ ದನಿ ಬಿದ್ದುಹೋಗಿತ್ತು. "ಹೆಂಗೂ ಅವರ ಜೊತೆ ಹೋಗೋ ಚಾಪೆ ಇವು. ಮೊದಲು ಹುಡುಗಿ ನಡೀಲಿ. ಆಮೇಲೆ ಅವರಿಗೆ ಸುತ್ತೋಣ."

ನೀರಿನ ಅಂಚಿನಿಂದ ಮನೆಬಾಗಿಲ ತನಕ ಚಾಪೆ ಹಾಸಿದರು. ಕೆಂಪು ಹಸಿರು ಕುಚ್ಚು ನಿನ್ನೆ ಕಟ್ಟಿದಂತೆ ಹೊಳೆಯುತ್ತಿತ್ತು. ಅಪಿಸಾಯ್ ಮಗಳನ್ನು ದೋಣಿಯಿಂದ ಎತ್ತಿ, ಅಷ್ಟು ದೊಡ್ಡ ಹುಡುಗಿಯನ್ನು ಕೂಸಿನ ಹಾಗೆ ಹೊತ್ತುಕೊಂಡು ಬಂದು ಮೊದಲ ಚಾಪೆಯ ಮೇಲೆ ನಿಲ್ಲಿಸಿದ. ಅವಳು ಬಿಕ್ಕುತ್ತ ನಡೆದಳು. ದೋಣಿಯ ತಳದ ನೀರಿನಲ್ಲಿ ನೆಂದ ಅವಳ ಪಾದದ ಗುರುತು ಚಾಪೆಯುದ್ದಕ್ಕೂ ಬಿದ್ದಿತು. ಹಿಂದಿನ ಗೂಡು ಖಾಲಿಯಾಗಿತ್ತು. ಕೆಲೆರಾಳ ಹಂದಿ ಬೆಳಗ್ಗೆಯೇ ಇನೋಕೆಯ ಸಾವಿನ ಊಟಕ್ಕೆ ಹೋಗಿತ್ತು.

ಒಳಗೆ ಇನೋಕೆ ಮಲಗಿದ್ದ. ಅಷ್ಟು ಮಾತಾಡುತ್ತಿದ್ದ ಬಾಯಿ ಮುಚ್ಚಿತ್ತು. ಕೆಲೆರಾ ಅವನ ತಲೆಯ ಬಳಿ ಮಂಡಿಯೂರಿ ಕೂತಳು. ಈಗ ಯಾರಾದರೂ ಹೇಳಬೇಕು, ಇಂಥವರ ಮಗಳು ಬಂದಿದ್ದಾಳೆ, ಮುಖ ನೋಡಿ ಎಂದು. ವಿಲಿಮೈನಾ ಅಭ್ಯಾಸಬಲದಿಂದ ಗಂಡನ ಕಡೆ ತಿರುಗಿದಳು.

"ಹೇಳು ಅವರಿಗೆ."

ಅಪಿಸಾಯ್ ಬಾಯಿ ತೆರೆದ. ದನಿ ಬರಲಿಲ್ಲ. ಇನ್ನೊಮ್ಮೆ ಪ್ರಯತ್ನಿಸಿ, ತಲೆ ಅಲ್ಲಾಡಿಸಿ, ಗೋಡೆಯ ಕಡೆ ಮುಖ ಮಾಡಿಬಿಟ್ಟ.

ವಿಲಿಮೈನಾ ಮಂಡಿಯ ಮೇಲೇ ಸರಿದು ಅಣ್ಣನ ಹತ್ತಿರ ಬಂದಳು. ಲಂಗ ಹಾಕಿಕೊಂಡು ಅವನ ಹಿಂದೆ ಏಡಿ ಹಿಡಿಯಲು ಓಡುತ್ತಿದ್ದ ಕಾಲದಿಂದ ಈಚೆಗೆ ಅವನ ಜೊತೆ ಒಂದು ಮಾತನ್ನೂ ಅವಳು ನೇರ ಆಡಿರಲಿಲ್ಲ. ಬಗ್ಗಿ, ಅವರಲ್ಲಿ ಮುತ್ತಿಡುವ ಹಾಗೆ, ಅವನ ತಣ್ಣನೆಯ ಕೆನ್ನೆಗೆ ಮೂಗು ತಾಗಿಸಿದಳು.

"ಅಣ್ಣಾ, ನಾನು ವಿಲಿ" ಎಂದಳು. "ಕೆಲೆರಾನ ಕರ್ಕೊಂಡು ಬಂದಿದೀನಿ. ಸಮುದ್ರದ ಮೇಲೇ ಬಂದ್ಳು, ನೀನು ಹೇಳಿದ ಹಾಗೇ. ಚಾಪೆ ಮೇಲೇ ನಡೆದ್ಳು. ನೋಡು ಅಣ್ಣಾ. ಒಂದ್ಸಲ ನೋಡು."

ಹೊರಗೆ ಗಂಡಸರು ದಡದ ಕಡೆಯಿಂದ ಚಾಪೆಗಳನ್ನು ಒಂದೊಂದಾಗಿ ಎತ್ತತೊಡಗಿದರು. ಒಬ್ಬ ಒದ್ದೆ ಗುರುತು ಒರೆಸಲು ಹೋದ. ಮಕರಿತಾ ಅವನ ಕೈ ಹಿಡಿದು, "ಹಾಗೇ ಇರ್ಲಿ, ಅವಳ ಕಾಲಿಂದು" ಎಂದಳು.